ಎದುರಿಗಿಲ್ಲದವರ ಮಾತು

ಕಳೆದ ತಿಂಗಳು ನಮ್ಮ ಕೇರಿಗೆ ಒಬ್ಬ ತರುಣ ಕಾನ್‌ಸ್ಟೇಬಲ್ ಬಂದಿದ್ದ. ಪಕ್ಕದ ಮನೆಯ ಹುಡುಗಿಗೆ ಸರ್ಕಾರಿ ನೌಕರಿ ಸಿಕ್ಕಿತ್ತು, ಅವಳ ನಡತೆಯ ವಿಚಾರಣೆ ಆಗಬೇಕಿತ್ತು. ಅವನು ಮೋಟರ್‌ಸೈಕಲ್ಲಿನಿಂದ ಇಳಿಯಲಿಲ್ಲ, ಇಂಜಿನ್ನನ್ನೂ ಆರಿಸಲಿಲ್ಲ. ಬೇಲಿಬಾಗಿಲ ದಣಪೆಯ ಆಚೆಯಿಂದಲೇ ಕೂಗಿದ:

"ಅಜ್ಜಾ, ಬದಿಮನೆಯವ್ರು ಹೆಂಗೆ?"

"ಒಳ್ಳೆಯವರು."

"ಆತು. ಇಲ್ಲೊಂದು ಸಹಿ ಹಾಕಿ."

ನಾನು ಸಹಿ ಹಾಕಿದೆ, ಅವನು ಹೋದ. ಒಂದು ಮನುಷ್ಯ ಜೀವದ ಹಿಂದುಮುಂದನ್ನು ಸರ್ಕಾರವು ಒಂದು ಚಮಚೆ ಪೆಟ್ರೋಲಿನಲ್ಲಿ ತಿಳಿದುಕೊಂಡಿತು. ನನಗೆ ಅಂದು ಊಟ ರುಚಿಸಲಿಲ್ಲ. ಈ ಬರಹ ಆ ಹುಡುಗನಿಗೂ, ಅವನ ಹಿಂದೆ ಇಲಾಖೆಗೆ ಬರುವವರಿಗೂ. ಓದುವಾಗಲಾದರೂ ಇಂಜಿನ್ ಆರಿಸಿಕೊಳ್ಳಬೇಕಾಗಿ ವಿನಂತಿ.

ನನ್ನ ಪೊಲೀಸ್ ನೌಕರಿಯ ಬಹುಭಾಗ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಇದೇ ಕೆಲಸದಲ್ಲಿ ಕಳೆಯಿತು. ಸರ್ಕಾರಿ ನೌಕರಿಗೆ ಆಯ್ಕೆಯಾದವನ ಊರಿಗೆ ಹೋಗಿ, ಅವನಿಗೆ ತಿಳಿಯದ ಹಾಗೆ ಅವನ ಬಗ್ಗೆ ನಾಲ್ಕು ಜನರನ್ನು ಕೇಳಿ, ಗುಪ್ತ ವರದಿ ಬರೆಯುವುದು. ಹೆಸರಿಗೆ ಗುಪ್ತ. ನನ್ನನ್ನು ಜನ ಕರೆಯುತ್ತಿದ್ದದ್ದೇ 'ಗುಟ್ಟಿನ ಜಮಾದಾರ' ಎಂದು. ಮೂರೂ ತಾಲೂಕಿನ ಮೀನುಪೇಟೆಗಳಲ್ಲಿ ಮುಖಪರಿಚಯವಿದ್ದ ಏಕೈಕ ಗುಪ್ತಚರ ನಾನೇ ಇರಬೇಕು.

ಸಾಕ್ಷಿ ಹೇಳುವವರು 'ಇಬ್ಬರು ಗೌರವಸ್ಥರು' ಆಗಿರಬೇಕೆಂದು ನಿಯಮ. ಗೌರವಸ್ಥ ಎಂದರೆ ಯಾರು ಎಂದು ನಿಯಮ ಹೇಳಿರಲಿಲ್ಲ. ನನಗೆ ಕೆಲಸ ಕಲಿಸಿದ ಹಳೆಯ ಜಮಾದಾರರು ಹೇಳಿಕೊಟ್ಟ ಲಕ್ಷಣ ಇಷ್ಟು: ಬೇಸಿಗೆಯಲ್ಲೂ ಕೋಟು ಹಾಕಿಕೊಂಡವನು, ಪೊಲೀಸರಿಗೆ ಚಾ ಕೊಡುವವನು, ತನ್ನ ಮೇಲೇ ಮೊಕದ್ದಮೆ ಇಲ್ಲದವನು. ಮೂರನೆಯದು ಸಿಗದಿದ್ದರೆ ಮೊದಲೆರಡು ಸಾಕು. ಅವರದೇ ಇನ್ನೊಂದು ಪಾಠ: "ಮನೆಯ ಮುಂದಿನ ಅಂಗಳ ನೋಡ್ಬೇಡ, ಅದು ನೆಂಟರಿಗೆ ಗುಡ್ಸಿದ್ದು. ಹಿತ್ತಲಿಗೆ ಹೋಗಿ ಬಟ್ಟೆ ಒಣಗ್ಸುವ ಬಳ್ಳಿ ನೋಡು." ಬಳ್ಳಿಯ ಮೇಲೆ ಮನೆಯವರ ಆದಾಯ, ಶುಚಿತ್ವ, ಬಂದುಹೋಗುವವರು ಎಲ್ಲವೂ ನೇತಾಡುತ್ತಿರುತ್ತದೆ ಎಂಬುದು ಅವರ ಸಿದ್ಧಾಂತ. ನಾನು ಅದನ್ನು ಕೊನೆಯವರೆಗೂ ಪಾಲಿಸಿದೆ. ಎರಡು ಸಲ ನಾಯಿ ಕಚ್ಚಿತು.

ಸಾಕ್ಷಿಗಳ ವಿಷಯ ಒಂದು ಮಾತು. ಜನ ಸುಳ್ಳು ಹೇಳುತ್ತಾರೆ ಎಂದು ನೀವು ತಿಳಿಯಬೇಡಿ. ಅವರು ತಮ್ಮ ಸತ್ಯವನ್ನು ಹೇಳುತ್ತಾರೆ. ಗಡಿಬೇಲಿಯ ಜಗಳ ಇದ್ದವನು "ಹುಡ್ಗ ಬಾರೀ ಗರ್ವಿ" ಎನ್ನುತ್ತಾನೆ. ಮಗಳನ್ನು ಕೊಡುವ ಆಲೋಚನೆ ಇದ್ದವನು "ಚಿನ್ನದಂತಾ ಹುಡ್ಗ" ಎನ್ನುತ್ತಾನೆ. ಇವೆರಡನ್ನೂ ಕೂಡಿಸಿ ಭಾಗಿಸಿದರೆ ಬರುವುದೇ ಚಾರಿತ್ರ್ಯ. ಮಾತು ಎಲ್ಲಿಂದ ಬಂತು ಎಂದು ತಿಳಿಯದೆ ಮಾತನ್ನು ಬರೆದುಕೊಳ್ಳಬೇಡಿ.

ನಾನೂ ಕಲಿತದ್ದು ಎಡವಿಯೇ. ಬೆಳಕೆಯ ಮಾಸ್ತಿ ನಾಯ್ಕ ಎಂಬವನು ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಆಯ್ಕೆಯಾಗಿದ್ದ. ಭಟ್ಕಳದಿಂದ ಹೋಗಿ, ಗುಟ್ಟು ಕೆಡಬಾರದೆಂದು ತಂದೆಯ ಹೆಸರು ಹೇಳದೆ, ಅಂಗಡಿಕಟ್ಟೆಯಲ್ಲಿ "ಮಾಸ್ತಿ ನಾಯ್ಕ ಹೇಗೆ?" ಎಂದು ಗಾಳಿಗೆ ಬಿಟ್ಟ ಹಾಗೆ ಕೇಳಿದೆ. ಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ಬೆಳಗ್ಗೆ ಕುಡಿದರೆ ಬೈಗಿಗೆ ಇಳಿಯುವುದಿಲ್ಲ ಎಂದರು. ಆಗ ಪಾನನಿರೋಧದ ಕಾಲ. ನಾನು ಅದನ್ನು ಗಂಭೀರವಾಗಿ ಬರೆದು ಕಳಿಸಿದೆ. ಕೆಲವು ವಾರಗಳ ಮೇಲೆ ಠಾಣೆಯ ಮೆಟ್ಟಿಲಿಗೆ ಇಬ್ಬರು ಮಾಸ್ತಿ ನಾಯ್ಕರು ಬಂದು ನಿಂತರು. ಒಬ್ಬ ತರುಣ, ಕಣ್ಣಲ್ಲಿ ನೀರು. ಇನ್ನೊಬ್ಬ ಐವತ್ತರ ಹಿರಿಯ, ಬಾಯಲ್ಲಿ ವಾಸನೆ. ಸಿಟ್ಟು ಜಾಸ್ತಿ ಇದ್ದದ್ದು ಹಿರಿಯನಿಗೆ.

"ಅಲ್ಲಾ ಜಮಾದಾರ್ರೆ, ನಾ ಗಾರ್ಡ್ ಕೆಲ್ಸಕ್ಕೆ ಅರ್ಜಿನೇ ಹಾಕ್ಲಿಲ್ಲ. ಹಾಕದಿದ್ದವ್ನ ಅರ್ಜಿ ನಾಪಾಸ್ ಮಾಡೂಕೆ ನೀವ್ಯಾರು?"

ತಿದ್ದುಪಡಿಯ ವರದಿ ಹೋಯಿತು, ತರುಣನಿಗೆ ಕೆಲಸವೂ ಆಯಿತು. ಆದರೆ ಹಿರಿಯ ಮಾಸ್ತಿ ನನ್ನನ್ನು ಕಂಡಾಗಲೆಲ್ಲ "ನನ್ನ ಗಾರ್ಡ್ ಕೆಲ್ಸ ಕಳ್ದವ್ರು ಬಂದ್ರು" ಎಂದು ಊರಿಗೇ ಕೇಳುವಂತೆ ಹೇಳುವುದನ್ನು ಬಿಡಲಿಲ್ಲ. ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಜ್ಯಗಳು ಮರುವಿಂಗಡಣೆಯಾಗಿ ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಬಂತು. ಜಮಾದಾರನಾಗಿ ಮಲಗಿದ ನಾನು ದಫೇದಾರನಾಗಿ ಎದ್ದೆ. ಸಂಬಳ ಮಾತ್ರ ನಿದ್ದೆಯಿಂದ ಏಳಲಿಲ್ಲ. ಜನ ಜಮಾದಾರ ಎಂದೇ ಕರೆದರು. ಮೈಸೂರು ಸೀಮೆಯಿಂದ ಅಧಿಕಾರಿಗಳು ಬಂದರು. ನನ್ನ ಪಾಲಿಗೆ ಬಂದವರು ಇನ್ಸ್‌ಪೆಕ್ಟರ್ ಚನ್ನಕೇಶವಯ್ಯನವರು. ಹಣೆಯಲ್ಲಿ ನಾಮ, ಪ್ಯಾಂಟಿನ ಇಸ್ತ್ರಿಯಲ್ಲಿ ಬೆರಳು ಕೊಯ್ದುಕೊಳ್ಳಬಹುದು. ಮೀನಿನ ಗಾಳಿಗೆ ಮೂಗಿಗೆ ಕರವಸ್ತ್ರ. ನಮ್ಮ ಹಳೆಯ ಫೌಜದಾರರು ಪಟೇಲನ ಮಾತೊಂದನ್ನೇ ವೇದವೆಂದು ಸಹಿ ಹಾಕುತ್ತಿದ್ದರು. ಇವರು ನಾನು ಬರೆದ ಪ್ರತಿ ವಾಕ್ಯಕ್ಕೂ "ಯಾರು ಹೇಳಿದ್ದು? ಅವನಿಗೆ ಹ್ಯಾಗೆ ಗೊತ್ತು?" ಎಂದು ಕೇಳುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಇದೇ ಸರಿ ಎನಿಸಿತು.

ಇನ್ನು ಹಳದೀಪುರದ ವಿಷಯ.

ಹಳದೀಪುರದಲ್ಲಿ ಹೆದ್ದಾರಿ ಬಿಟ್ಟು ಸಮುದ್ರದ ಕಡೆಗೆ ನಡೆದರೆ ತೆಂಗಿನ ತೋಟದ ನಡುವೆ ಹಂಚಿನ ಒಂದು ಉದ್ದನೆಯ ಚಾವಡಿ ಇತ್ತು. 'ಶಾಂತಿ ಬಂಧುಕೂಟ' ಎಂದು ಫಲಕ. ಊರವರ ಬಾಯಲ್ಲಿ ಅದು 'ಸುಮ್ಮನೆ ಕೂರುವವರ ಮಠ'. ಸ್ವಾಮಿ ಇಲ್ಲ, ಮೂರ್ತಿ ಇಲ್ಲ, ಪ್ರಸಾದ ಮೊದಲೇ ಇಲ್ಲ. ವಾರಕ್ಕೊಮ್ಮೆ ಚಾಪೆ ಹಾಸಿ ಎಲ್ಲರೂ ಸುಮ್ಮನೆ ಕೂರುವುದೇ ಪೂಜೆ. ಕೊಂಕಣಿಗರು, ನಾಯ್ಕರು, ಒಬ್ಬ ಕ್ರಿಶ್ಚಿಯನ್ ದರ್ಜಿ, ಭಟ್ಕಳದಿಂದ ಬರುತ್ತಿದ್ದ ಒಬ್ಬ ನವಾಯತಿ ಮುಸಲ್ಮಾನ ಬಟ್ಟೆ ವ್ಯಾಪಾರಿ, ಹೀಗೆ ಕಲಸುಮೇಲೋಗರ. ಹೊಟ್ಟೆಪಾಡಿಗೆ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದರು. ದೇವರು ಪ್ರತಿಯೊಬ್ಬರೊಳಗೂ ಇದ್ದಾನೆ ಎಂಬುದು ಅವರ ನಂಬಿಕೆ. ಇದನ್ನು ನಾವೆಲ್ಲ ಹೇಳುತ್ತೇವೆ. ಇವರ ತೊಂದರೆ ಏನೆಂದರೆ, ಇದನ್ನು ನಿಜವೆಂದು ತಿಳಿದು ನಡೆಯುತ್ತಿದ್ದರು. ಆದ್ದರಿಂದ ಯಾರಿಗೂ ಹೊಡೆಯುವಂತಿಲ್ಲ, ಆಯುಧ ಮುಟ್ಟುವಂತಿಲ್ಲ, ಕೇಳಿದವರಿಗೆ ಸುಳ್ಳು ಹೇಳುವಂತಿಲ್ಲ.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ರುಕ್ಮಾಬಾಯಿ. ಕೊಂಕಣಿ ಮನೆಮಾತಿನ ವಿಧವೆ, ಬಿಳಿ ಸೀರೆ, ದಪ್ಪ ಕನ್ನಡಕ, ಊರಿಗೆಲ್ಲ ರುಕ್ಮಕ್ಕ.

ಚೀನದ ಯುದ್ಧ ನಡೆದಾಗ ಮೇಲಿನವರಿಗೆ ಈ ಕೂಟದ ಮೇಲೆ ಕಣ್ಣು ಬಿತ್ತು. ದೇಶವೇ ಬಂದೂಕು ಎತ್ತುವಾಗ ಇವರು ಎತ್ತುವುದಿಲ್ಲವೆಂದರೆ ಏನರ್ಥ? ಮಾರುವೇಷದಲ್ಲಿ ಹೋಗಿ ಅಲ್ಲಿ ಏನು ಮಾತಾಡುತ್ತಾರೆ ಎಂದು ತಿಳಿದು ಬಾ ಎಂದು ನನಗೆ ಆಜ್ಞೆಯಾಯಿತು. ನಾನು ಧೋತರ ಉಟ್ಟು, ಕೊಬ್ಬರಿ ವ್ಯಾಪಾರಿಯ ಕರಿಟೊಪ್ಪಿ ಇಟ್ಟು, ಹೊನ್ನಾವರದಿಂದ ಬಸ್ಸು ಹತ್ತಿ ಹೋದೆ. ವೇಷ ಪರಿಪೂರ್ಣವಾಗಿತ್ತು. ಕಾಲಿನಲ್ಲಿ ಮಾತ್ರ ಇಲಾಖೆಯ ಕಂದು ಬೂಟು ಉಳಿದುಹೋಗಿತ್ತು.

ಚಾವಡಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ರುಕ್ಮಕ್ಕ ನನ್ನನ್ನೂ ಬಾಗಿಲ ಹೊರಗೆ ಬಿಟ್ಟ ಬೂಟನ್ನೂ ನೋಡಿದರು. ಎದ್ದು ನಿಂತು ಎಲ್ಲರಿಗೂ ಹೇಳಿದರು:

"ಇವತ್ತು ಜಮಾದಾರ್ರು ಬಂದಾರೆ. ನಾವು ಎಂತ ಮಾತಾಡ್ತೇವೆ ಅಂತ ಸರ್ಕಾರಕ್ಕೆ ಬರ್ದು ಕೊಡ್ಬೇಕಂತೆ. ಪಾಪ, ಅವ್ರಿಗೆ ಬರ್ಕಣೂಕೆ ಪುರುಸೊತ್ತು ಬೇಕು. ಯಾರಾದ್ರೂ ಮಾತಾಡೂದಿದ್ರೆ ನಿಧಾನ ಮಾತಾಡಿ."

ಯಾರೂ ಮಾತಾಡಲಿಲ್ಲ. ಅವರ ಪೂಜೆಯೇ ಅದಲ್ಲವೇ? ಪೆನ್ಸಿಲ್ ಹಿಡಿದು ಅವರ ಜೊತೆ ನಾನೂ ಸುಮ್ಮನೆ ಕೂತೆ. ಆ ದಿನದ ಗುಪ್ತ ವರದಿಯಲ್ಲಿ "ಆಕ್ಷೇಪಾರ್ಹ ಮಾತುಗಳು ಕೇಳಿಬರಲಿಲ್ಲ" ಎಂದು ಬರೆದೆ. ಅಷ್ಟು ನಿಖರವಾದ ವರದಿಯನ್ನು ನಾನು ಮತ್ತೆ ಬರೆದಿಲ್ಲ.

ಇದಾಗಿ ಒಂದೆರಡು ವರ್ಷಕ್ಕೆ ಮಾದೇವ ನಾಯ್ಕ ಎಂಬವನ ವಿಚಾರಣೆಯ ಕಾಗದ ಬಂತು. ವೈರ್‌ಲೆಸ್ ಆಪರೇಟರ್ ಹುದ್ದೆಗೆ ಆಯ್ಕೆಯಾದ ತರುಣ. ಮೂಲ ಊರು ಬೆಳಕೆ. ತಂದೆ ಮೀನಿಗೆ ಹೋದವನು ದೋಣಿ ಮಗುಚಿ ತೀರಿಕೊಂಡ ಮೇಲೆ ತಾಯಿ ಇವನನ್ನು ರುಕ್ಮಕ್ಕನ ಬಳಿ ಬಿಟ್ಟಿದ್ದಳು. ಬಂಧುಕೂಟದಲ್ಲೇ ಬೆಳೆದು ಕುಮಟೆಯಲ್ಲಿ ಕಾಲೇಜು ಓದಿದ. ಕಾಗದದ ಜೊತೆ ಒಂದು ಟಿಪ್ಪಣಿಯೂ ಇತ್ತು: ಕಾಲೇಜಿನ ಕಡ್ಡಾಯ ಕವಾಯತಿನಲ್ಲಿ ಈತ ಬಂದೂಕನ್ನು ಹೆಗಲಿಗೇರಿಸದೆ ನೆಲಕ್ಕಿಟ್ಟು ನಿಂತನೆಂದು. ಯುದ್ಧದ ಬಿಸಿ ಆರಿರಲಿಲ್ಲ. ವೈರ್‌ಲೆಸ್ ಎಂದರೆ ಸರ್ಕಾರದ ಗುಟ್ಟುಗಳು ಹಾದುಹೋಗುವ ಕಿವಿ. ವರದಿಯಲ್ಲಿ 'ಯೋಗ್ಯನಲ್ಲ' ಎಂದು ಬಿದ್ದರೆ ಈ ಹುದ್ದೆಯಷ್ಟೇ ಅಲ್ಲ, ಮುಂದೆ ಪೋಸ್ಟ್‌ಮ್ಯಾನ್ ಕೆಲಸವೂ ಇಲ್ಲ. ತಾಯಿ ಬೆಳಕೆಯಲ್ಲಿ ಇನ್ನೂ ಮೀನುಬುಟ್ಟಿ ಹೊರುತ್ತಿದ್ದಳು.

ನಾನು ಮೊದಲು ಬೆಳಕೆಗೆ ಹೋದೆ. ಅಂಗಡಿಕಟ್ಟೆಯಲ್ಲಿ ಹಿರಿಯ ಮಾಸ್ತಿ ನಾಯ್ಕ ಕಾಯುತ್ತಲೇ ಇದ್ದ ಹಾಗೆ ಕೂತಿದ್ದ.

"ಬನ್ನಿ ಬನ್ನಿ. ಈ ಸಲ ಯಾರ ಕೆಲ್ಸ ಕಳೂಕೆ?"

ಮಾದೇವನ ಬಗ್ಗೆ ಕೇಳಿದೆ.

"ಯಾವ ಮಾದೇವ? ನಮ್ಮಲ್ಲಿ ಮಾದೇವರಿಗೆ ಬರ ಇಲ್ಲ. ನೀವು ಕೇಳೂ ಹುಡ್ಗ ಸಣ್ಣಿರೂವಾಗ್ಲೇ ಹಳದೀಪುರಕ್ಕೆ ಹೋದ. ರುಕ್ಮಕ್ಕನ ಕೇಳಿ. ಸುಮ್ನೆ ನಮ್ಮ ಹತ್ರ ಕೇಳಿ ಇನ್ಯಾರದ್ದೋ ಹಣೆಗೆ ಬರೀಬೇಡಿ, ಮಾರಾಯ್ರೆ."

ಉಪದೇಶ ಕುಡುಕನ ಬಾಯಿಂದ ಬಂದರೂ ಉಪದೇಶವೇ. ಶರಾವತಿಯನ್ನು ತಾರಿಯ ದೋಣಿಯಲ್ಲಿ ದಾಟಿ ಹೊನ್ನಾವರಕ್ಕೆ ಬಂದು ಹಳದೀಪುರಕ್ಕೆ ಹೋದೆ. ಅಭ್ಯಾಸಬಲದಿಂದ ಮೊದಲು ಹಿತ್ತಲಿಗೆ ಹೋಗಿ ಬಟ್ಟೆಬಳ್ಳಿ ನೋಡುತ್ತಿದ್ದೆ. ಬೆನ್ನ ಹಿಂದಿನಿಂದ ರುಕ್ಮಕ್ಕನ ದನಿ:

"ಎಂತ ಜಮಾದಾರ್ರೆ, ಒಣಗ್ತಾ? ಹಸಿ ಇದ್ರೆ ಇನ್ನೊಂದು ಗಳಿಗೆ ಇರಲಿ."

ಬಂದ ಕಾರಣ ಹೇಳಿದೆ. ಅವರು ಚಾಪೆ ಹಾಸಿದರು, ಬೆಲ್ಲ ನೀರು ಕೊಟ್ಟರು.

"ಸರ್ಕಾರ ಕೇಳ್ತದೆ ಅಂದ್ರೆ ಹೇಳ್ಬೇಕಾದ್ದೇ. ಒಳ್ಳೇದೂ ಹೇಳ್ತೆ, ಕೆಟ್ಟದ್ದೂ ಹೇಳ್ತೆ. ಒಂದೂ ಮುಚ್ಚೂದಿಲ್ಲ. ಆದ್ರೆ ಮಾದೇವ ಇಲ್ಲಿ ಬಂದು ಕೂರ್ಬೇಕು."

"ಅದಾಗದು, ರುಕ್ಮಕ್ಕ. ಅವನಿಗೆ ಗೊತ್ತಾಗದ ಹಾಗೆ ಕೇಳಬೇಕು ಅಂತಲೇ ನಿಯಮ."

"ನಮ್ದೂ ನಿಯಮವೇ ಅಲ್ದ್ರಾ? ಎದುರಿಗಿಲ್ಲದವ್ರ ಮಾತು ನಾವು ಆಡೂದಿಲ್ಲ. ಹೊಗಳೂದೂ ಇಲ್ಲ, ತೆಗಳೂದೂ ಇಲ್ಲ. ಬೆನ್ನ ಹಿಂದೆ ಹೇಳಿದ್ದು ಸತ್ಯ ಆದ್ರೂ ಅದೊಂದು ಪೆಟ್ಟೇ."

"ಹಾಗಾದರೆ ಸಹಕಾರ ಇಲ್ಲ ಅಂತ ಬರೆಯಬೇಕಾಗ್ತದೆ. ಹುಡುಗನಿಗೇ ನಷ್ಟ."

"ಯಾಕಿಲ್ಲ? ಪೂರ್ತಿ ಸಹಕಾರ ಅದೆ. ಚಾಪೆ ಹಾಸ್ತೆ, ಹುಡುಗನ್ನ ಕರೀತೆ, ನೀರೂ ಕೊಡ್ತೆ. ನೀವು ಕೇಳೂದಷ್ಟೇ ಬಾಕಿ."

ಬಂಧುಕೂಟದ ಉಳಿದವರನ್ನು ಒಬ್ಬೊಬ್ಬರಾಗಿ ಮೂಲೆಗೆ ಕರೆದು ಕೇಳಿದೆ. ದರ್ಜಿ ನಕ್ಕು ಸೂಜಿಗೆ ದಾರ ಪೋಣಿಸಿದ. ಬಟ್ಟೆ ವ್ಯಾಪಾರಿ ನನಗೆ ಎರಡು ಗಜ ಮಲ್ಲು ಬಟ್ಟೆ ತೋರಿಸಿದ. ಮಾದೇವನ ವಿಷಯ ಒಂದಕ್ಷರ ಇಲ್ಲ. ಹಳದೀಪುರದ ಬಸ್‌ಸ್ಟ್ಯಾಂಡಿನಲ್ಲಿ, ಚಾ ಅಂಗಡಿಯಲ್ಲಿ ಕೇಳಿದರೆ "ಅವ್ರ ವಿಷ್ಯ ಅವ್ರಿಗೇ ಗೊತ್ತು" ಎಂದರು.

ಇನ್ಸ್‌ಪೆಕ್ಟರ್ ಸಾಹೇಬರಿಗೆ ಹೋಗಿ ವರದಿ ಮಾಡಿದೆ. ಅವರು ಉರಿದರು.

"ಏನ್ರೀ ಇದು? ಗುಪ್ತ ವಿಚಾರಣೇನ ಅಭ್ಯರ್ಥೀನ ಎದುರಿಗೆ ಕೂರಿಸ್ಕೊಂಡು ಮಾಡೋದೇ? ನಾಳೆ ಕಳ್ಳನ್ನ ಕೇಳಿ ವಾರಂಟ್ ಬರೀತೀರಾ?"

"ಹಾಗಲ್ಲ, ಸಾಹೇಬರೇ. ಬೆಳಕೆಯಲ್ಲಿ ಒಮ್ಮೆ ಎದುರಿಗಿಲ್ಲದವನ ಮಾತು ಕೇಳಿ ಬರೆದು, ಅರ್ಜಿಯನ್ನೇ ಹಾಕದವನನ್ನು ನಾಪಾಸು ಮಾಡಿದ್ದೆ. ಅಭ್ಯರ್ಥಿ ಎದುರಿಗಿದ್ದರೆ ಕಡೇಪಕ್ಷ ಮನುಷ್ಯನಾದರೂ ಅವನೇ ಆಗಿರ್ತಾನೆ."

ಸಾಹೇಬರು ಟಿಪ್ಪಣಿಯ ಕಾಗದವನ್ನು ತಮ್ಮ ಮುಂದೆ ಎಳೆದುಕೊಂಡರು. "ನಾನೇ ಬರ್ತೀನಿ. ಹ್ಯಾಗೆ ಬಾಯಿ ಬಿಡಲ್ಲ ನೋಡೇಬಿಡ್ತೀನಿ" ಎಂದರು.

ಮುಂದಿನ ವಾರ ಜೀಪು ತೋಟದವರೆಗೆ ಹೋಯಿತು. ಸಾಹೇಬರು ಹೊಂಚಿ ಕೇಳಿದರು, ಹೊಗಳಿ ಕೇಳಿದರು, ಕಣ್ಣು ಕೆಂಪು ಮಾಡಿ ಕೇಳಿದರು. ಎಲ್ಲರೂ ಕೈಮುಗಿದು, ಬೆಲ್ಲ ನೀರು ಕೊಟ್ಟು, ಅದೇ ಮಾತು: ಅವನು ಬಂದು ಕೂರಲಿ. ಕೊನೆಗೆ ಸಾಹೇಬರು ಬೂಟು ಬಿಚ್ಚಿದರು. ಮೈಸೂರು ಸರ್ಕಾರ ಚಾಪೆಯ ಮೇಲೆ ಕೂತಿತು.

ಮಾದೇವ ಬಂದ. ತೆಳ್ಳಗೆ, ಕಪ್ಪಗೆ, ಅಂಗಿಯ ಗುಂಡಿ ಕುತ್ತಿಗೆಯವರೆಗೆ. ಅವನ ಹಿಂದೆಯೇ ಇನ್ನೊಬ್ಬ ಆಸಾಮಿ. ಶರಾವತಿಯ ತಾರಿಯಲ್ಲಿ ಹುಟ್ಟು ಹಾಕುತ್ತಿದ್ದ ತಿಮ್ಮಪ್ಪ, ಬಾಗಿಲಿಗೆ ಅಡ್ಡವಾಗುವಷ್ಟು ಹೆಗಲು.

"ಇವನ್ಯಾಕೆ?" ಎಂದರು ಸಾಹೇಬರು.

"ಇವನ ಮಾತೂ ಬರ್ತದೆ" ಎಂದರು ರುಕ್ಮಕ್ಕ. "ಅದ್ಕೇ ಇವನೂ ಎದುರಿಗಿರ್ಬೇಕು."

ನಂತರ ಎಲ್ಲರೂ ಕಣ್ಣು ಮುಚ್ಚಿ ಸುಮ್ಮನಾದರು. ಸಾಹೇಬರು ಮೊದಲು ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಹಂಚಿನ ಮಾಡನ್ನು ನೋಡಿದರು. ಆಮೇಲೆ ಅವರೂ ಕಣ್ಣು ಮುಚ್ಚಿದರು. ತೆಂಗಿನಗರಿ ಅಲ್ಲಾಡುವುದು, ದೂರದಲ್ಲಿ ಕುಮಟೆಯ ಬಸ್ಸು ಗೇರು ಬದಲಿಸುವುದು ಕೇಳಿತು. ನನ್ನ ಸಾಹೇಬರ ಹಣೆಯ ಗಂಟು ಸಡಿಲಾದದ್ದನ್ನು ನಾನು ಮೊದಲ ಸಲ ನೋಡಿದೆ.

ರುಕ್ಮಕ್ಕ ಕಣ್ಣು ಬಿಟ್ಟರು. "ಕೇಳಿ, ಸಾಯ್ಬ್ರೆ."

"ಈ ಹುಡುಗ ಬಂದೂಕು ಕೆಳಗಿಟ್ಟಿದ್ದು ನಿಜವೇ?"

"ನಿಜ. ನಾವು ಕಲ್ಸಿದ್ದೇ ಅದು."

"ನಾಳೆ ಶತ್ರು ಎದುರಿಗೆ ಬಂದ್ರೆ ಕೈ ಎತ್ತೋದಿಲ್ವೇ ಇವನು?"

ರುಕ್ಮಕ್ಕನ ಮುಖ ಬಾಡಿತು. "ಅದನ್ನೇ ಹೇಳ್ಬೇಕು. ಕೆಟ್ಟದ್ದೂ ಹೇಳ್ತೆ ಅಂದಿದ್ದೆ ಅಲ್ದಾ? ಇವ ಒಂದ್ಸಲ ಕೈ ಎತ್ತಿದಾನೆ. ಯುದ್ಧದ ಹೊತ್ತಿಗೆ ಬಸ್‌ಸ್ಟ್ಯಾಂಡಲ್ಲಿ ತಿಮ್ಮಪ್ಪ ನನ್ನ ಚೀನದವ್ಳು ಅಂತ ಬಯ್ದ. ನನ್ನ ಚೀಲ ಕಸ್ದು ರಸ್ತೆಗೆ ಬಿಸಾಡ್ದ. ಮಾದೇವ ತಿಮ್ಮಪ್ಪನಿಗೆ ಹೊಡ್ದ. ನಮ್ಮ ಕೂಟದಲ್ಲಿ ಯಾರ ಮೇಲೂ ಇಷ್ಟು ದೊಡ್ಡ ಕಪ್ಪು ಇಲ್ಲ, ಸಾಯ್ಬ್ರೆ. ಬರ್ಕಣಿ."

ಸಾಹೇಬರ ಕಣ್ಣು ಅಗಲವಾಯಿತು. ತಿಮ್ಮಪ್ಪನ ಕಡೆ ತಿರುಗಿದರು. "ಹೊಡೆದದ್ದು ಹೌದೇನಯ್ಯಾ?"

"ಹೌದು, ವಡೆಯಾ. ಒಂದೇ ಪೆಟ್ಟು." ತಿಮ್ಮಪ್ಪ ದವಡೆ ಸವರಿಕೊಂಡ. ದನಿಯಲ್ಲಿ ದೂರಿರಲಿಲ್ಲ, ಒಂದು ಬಗೆಯ ಮೆಚ್ಚುಗೆ ಇತ್ತು. "ಇಷ್ಟು ಸಪೂರ ಕೈಯಲ್ಲಿ ಅಷ್ಟು ಬರ್ತದೆ ಅಂತ ನಾ ಎಣಿಸ್ಲಿಲ್ಲ. ಅಲ್ಲೇ ಬಿದ್ದೆ. ಆದ್ರೆ ಪೆಟ್ಟಿಗಿಂತ ಮುಂದಿನದ್ದು ಕಷ್ಟ ಆತು. ರುಕ್ಮಕ್ಕನೂ ಇವನೂ ದಿನಾ ನಮ್ಮನಿಗೆ ಬರೂದು, ದವಡೆಗೆ ಎಣ್ಣೆ ತಿಕ್ಕೂದು, ತಪ್ಪಾತು ಹೇಳೂದು. ಕೇರಿಯವ್ರೆಲ್ಲ ನೋಡ್ತಿದ್ರು. ಬಯ್ದವ ನಾನು! ಕಡೆಗೆ ನಾಚ್ಕೆ ತಡೀಲಾರ್ದೆ ನಾನೇ ಇಲ್ಲಿ ಬಂದು ಕೂತ್ಕಂಡೆ."

ಸಾಹೇಬರು ತೊಡೆ ತಟ್ಟಿದರು. "ದಫೇದಾರ್ರೇ, ಬರ್ಕೊಳ್ಳಿ! ತಾಯಿಯಂಥವರಿಗೆ ಅವಮಾನ ಆದಾಗ ಕೈ ಎತ್ತಿದಾನೆ. ಪೌರುಷ ಇದೆ. ಬಂದೂಕಿನ ವಿಷಯ ಹುಡುಗಾಟ. ಯೋಗ್ಯ ಅಂತ ಬರೀರಿ."

ಹೀಗೆ, ಕೂಟದವರು ಕಳಂಕವೆಂದು ಮುಂದಿಟ್ಟದ್ದು ಸರ್ಕಾರದ ಕಣ್ಣಿಗೆ ಪದಕವಾಯಿತು. ನಾನು ಪೆನ್ನು ತೆರೆದೆ. ಸಂಗತಿ ಅಲ್ಲಿಗೇ ಮುಗಿದಿದ್ದರೆ ಎಲ್ಲರೂ ಸುಖವಾಗಿ ಮಧ್ಯಾಹ್ನದ ಊಟಕ್ಕೆ ಹೊನ್ನಾವರ ತಲುಪುತ್ತಿದ್ದೆವು. ಮಾದೇವ ಎದ್ದು ನಿಂತ.

"ಸಾಯ್ಬ್ರೆ, ಅದು ಬ್ಯಾಡ."

"ಏನು ಬೇಡ?"

"ಆ ಪೆಟ್ಟಿಗಾಗಿ ಕೆಲ್ಸ ಕೊಡೂದಾದ್ರೆ ನಂಗೆ ಕೆಲ್ಸ ಬ್ಯಾಡ. ಅದು ನನ್ನ ತಪ್ಪು. ಮತ್ತೊಮ್ಮೆ ಹೊಡೀದಿಲ್ಲ. ಬಂದೂಕು ಇಟ್ಟದ್ದು ಹುಡುಗಾಟ ಅಲ್ಲ. ಇನ್ನೊಮ್ಮೆ ಕೊಟ್ರೆ ಇನ್ನೊಮ್ಮೆ ಇಡ್ತೆ. ಅದನ್ನೂ ಬರ್ದ್ರೆ ಮಾತ್ರ ಬರೀರಿ."

ನಾನು ರುಕ್ಮಕ್ಕನ ಕಡೆ ನೋಡಿದೆ. ಹುಡುಗನನ್ನು ತಡೆಯಲಿ ಎಂದು ನನ್ನ ಆಸೆ. ಅವನ ತಾಯಿಯ ಬುಟ್ಟಿ ನನ್ನ ಕಣ್ಣ ಮುಂದಿತ್ತು, ರುಕ್ಮಕ್ಕನ ಕಣ್ಣ ಮುಂದೆಯೂ ಇದ್ದಿರಬೇಕು. ಅವರ ಕೈ ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು. ಅವರು ಅವನನ್ನು ತಡೆಯಲಿಲ್ಲ.

"ಅಲ್ಲಯ್ಯಾ," ಎಂದರು ಸಾಹೇಬರು, ಸಿಟ್ಟಿಗಿಂತ ಸಂಕಟದಿಂದ, "ಬಂದೂಕು ಎತ್ತದೇ ಇದ್ದದ್ದಕ್ಕೆ ನಿನ್ನ ಮೇಲೆ ಟಿಪ್ಪಣಿ ಬಂತು. ಹೊಡೆದಿದ್ದೀಯಾ ಅಂತ ದಾಟಿಸೋಣ ಅಂದ್ರೆ ನೀನೇ ಅಡ್ಡ ನಿಲ್ತೀಯಾ. ನಿನ್ನ ಯಾವ ಆಧಾರದ ಮೇಲೆ ಪಾಸು ಮಾಡ್ಲಿ?"

ಉತ್ತರ ಕೊಟ್ಟವನು ತಿಮ್ಮಪ್ಪ.

"ವಡೆಯಾ, ತಪ್ಪು ತಿಳ್ಕಣಬೇಡಿ. ನೀವೂ ಜಮಾದಾರ್ರೂ ಇಷ್ಟು ದಿವ್ಸದಿಂದ ಬಂದು ಕೇಳ್ತೇ ಇದ್ರಿ. ಇಲ್ಲಿ ಒಬ್ಬನಾದ್ರೂ ಬಾಯಿ ಬಿಟ್ಟನಾ? ತಾರಿಯಲ್ಲಿ ಕೂತ್ರೆ ನಾ ಇಡೀ ತಾಲೂಕಿನ ಗುಟ್ಟು ಕೇಳ್ತೆ. ಈ ಜನ ಮಾತ್ರ ನನ್ನ ದೋಣಿಯಲ್ಲಿ ಒಂದು ಗುಟ್ಟೂ ಕೆಡವ್ಲಿಲ್ಲ."

ಸಾಹೇಬರು ನೆಟ್ಟಗೆ ಕೂತರು. ಹೊಂಚಿ, ಹೊಗಳಿ, ಹೆದರಿಸಿ ಸೋತ ನೆನಪು ಮುಖದ ಮೇಲೆ ಹಾದುಹೋಯಿತು. ನಗಲಿಲ್ಲ. ಅವರು ನಗುವವರಲ್ಲ. ನಿಧಾನವಾಗಿ ವರದಿ ಹೇಳಿ ಬರೆಸಿದರು. ಮುಗಿದ ಮೇಲೆ ರುಕ್ಮಕ್ಕ, "ಅವನ ವಿಷ್ಯ ಬರ್ದದ್ದು ಅವನೂ ಕೇಳ್ಬೇಕು" ಎಂದರು. ಗುಪ್ತ ವರದಿ! ಸಾಹೇಬರು ಜೇಬು ಮುಟ್ಟಿ ನೋಡಿಕೊಂಡರು. ಕನ್ನಡಕ ಅಲ್ಲೇ ಇತ್ತು, ಅದರ ಕಡ್ಡಿ ನನಗೂ ಕಾಣುತ್ತಿತ್ತು.

"ದಫೇದಾರ್ರೇ, ಕನ್ನಡಕ ತರೋದು ಮರೆತೆ. ನೀವೇ ಗಟ್ಟಿಯಾಗಿ ಓದಿ. ನನಗೆ ಕೇಳ್ಬೇಕು. ಬೇರೆಯವರಿಗೆ ಕೇಳಿಸಿದ್ರೆ ಅದು ಈ ಕಟ್ಟಡದ ದೋಷ."

ನಾನು ಓದಿದೆ: "ಅಭ್ಯರ್ಥಿಯು ಬಂದೂಕು ಹಿಡಿಯುವುದಿಲ್ಲ, ಮುಂದೆಯೂ ಹಿಡಿಯುವ ಸಂಭವವಿಲ್ಲ. ಒಮ್ಮೆ ಒಬ್ಬನಿಗೆ ಹೊಡೆದಿದ್ದು, ಅದಕ್ಕಾಗಿ ಪಶ್ಚಾತ್ತಾಪಪಟ್ಟಿದ್ದಾನೆ. ತನಗೆ ಲಾಭವಿದ್ದಾಗಲೂ ಸುಳ್ಳು ಹೇಳಲಾರ. ಎದುರಿಗಿಲ್ಲದವರ ಮಾತನ್ನು ಯಾವ ಒತ್ತಾಯಕ್ಕೂ ಆಡದ ಜನರ ನಡುವೆ ಬೆಳೆದವನು. ಈ ಸಂಗತಿಯನ್ನು ಸಹಿ ಮಾಡಿರುವ ಅಧಿಕಾರಿಯು ಸ್ವಂತ ಪ್ರಯತ್ನದಿಂದ ಪರೀಕ್ಷಿಸಿರುತ್ತಾನೆ. ಗುಟ್ಟು ಕಾಯುವ ಹುದ್ದೆಗೆ ಈತನಿಗಿಂತ ಯೋಗ್ಯರು ಸಿಗುವುದು ಕಠಿಣ."

ಮಾದೇವ ಕೇಳಿ ತಲೆ ಆಡಿಸಿದ. ರುಕ್ಮಕ್ಕನ ಕೈ ಸೆರಗನ್ನು ಬಿಟ್ಟಿತು.

ಮಳೆಗಾಲ ಕಳೆಯುವುದರೊಳಗೆ ಅವನಿಗೆ ಕೆಲಸದ ಆದೇಶ ಬಂತು. ದೂರದ ಉತ್ತರದಲ್ಲಿ ಎಲ್ಲೋ ಹುದ್ದೆ. ತಾಯಿ ಬುಟ್ಟಿ ಇಳಿಸಿದಳು.

ಕಥೆ ಇಲ್ಲಿಗೆ ಮುಗಿಯಲು ನಮ್ಮ ಇಲಾಖೆ ಬಿಡಲಿಲ್ಲ. ಯಾರೋ ಪುಣ್ಯಾತ್ಮರು ಹೆಸರಿಲ್ಲದ ಅರ್ಜಿ ಬರೆದರು: ಹೊನ್ನಾವರದ ಜಮಾದಾರನು ಗುಪ್ತ ವಿಚಾರಣೆಯನ್ನು ಅಭ್ಯರ್ಥಿಯ ಎದುರೇ ನಡೆಸಿದ್ದಾನೆ ಎಂದು. ಮಾತು ನಿಜ. ನಿಜವಾದ ಅರ್ಜಿಗಿಂತ ಅಪಾಯಕಾರಿ ವಸ್ತು ಇಲಾಖೆಯಲ್ಲಿ ಇನ್ನೊಂದಿಲ್ಲ. ಕಾರವಾರದಿಂದ ಒಬ್ಬ ದೊಡ್ಡ ಅಧಿಕಾರಿ ವಿಚಾರಣೆಗೆ ಬಂದು ನೇರವಾಗಿ ಹಳದೀಪುರಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಕೂಟದ ಹುಡುಗನೊಬ್ಬ ನನಗೆ ರುಕ್ಮಕ್ಕನ ಕರೆ ತಂದ: "ನಿಮ್ಮ ವಿಷ್ಯ ಕೇಳೂಕೆ ಬಂದಾರೆ. ಬಂದು ಕೂತ್ಕಣಿ."

ಸೈಕಲ್ ಹತ್ತಿ ಹೋದೆ. ಸಾವಿರ ಜನರ ಬಗ್ಗೆ ಕೇಳಿದವನು ನನ್ನ ಬಗ್ಗೆ ಕೇಳಿಸಿಕೊಳ್ಳಲು ಚಾಪೆಯ ಮೇಲೆ ಕೂತೆ. ರುಕ್ಮಕ್ಕ ಸುಳ್ಳು ಹೇಳುವವರಲ್ಲ ಎಂಬುದು ಜೀವನದಲ್ಲಿ ಮೊದಲ ಸಲ ನನಗೆ ಅವಗುಣವಾಗಿ ಕಂಡಿತು.

"ಜಮಾದಾರ್ರು ಒಳ್ಳೇವ್ರು" ಎಂದು ಶುರು ಮಾಡಿದರು. "ಹೆಂಗಸ್ರು ಮಕ್ಕಳಿಗೆ ಮರ್ಯಾದೆ ಕೊಡ್ತಾರೆ. ಕೆಟ್ಟದ್ದು ಅಂದ್ರೆ, ಹೇಳ್ದೆ ಕೇಳ್ದೆ ಹಿತ್ತಲಿಗೆ ಹೋಗಿ ಬಟ್ಟೆ ಬಳ್ಳಿ ನೋಡ್ತಾರೆ."

"ಅದಿರಲಿ. ಮಾದೇವನ ವಿಚಾರ?"

"ಹೇಳ್ತೆ. ಒಂದೂ ಮುಚ್ಚೂದಿಲ್ಲ. ಆದ್ರೆ ಅದ್ರಲ್ಲಿ ಮಾದೇವನ ಮಾತು ಬರ್ತದೆ, ಅವ ಬರ್ಬೇಕು. ಇನ್ಸ್‌ಪೆಕ್ಟರ್ ಸಾಯ್ಬ್ರ ಮಾತು ಬರ್ತದೆ, ಅವ್ರು ಬರ್ಬೇಕು. ತಿಮ್ಮಪ್ಪ ತಾರಿಯಲ್ಲೇ ಇದ್ದಾನೆ, ಅವನ್ನ ಈಗ್ಲೇ ಕರ್ಸ್ತೆ."

ಚನ್ನಕೇಶವಯ್ಯನವರು ಅಷ್ಟರಲ್ಲಿ ಮೈಸೂರು ಕಡೆಗೆ ವರ್ಗವಾಗಿದ್ದರು. ಮಾದೇವ ರೈಲಿನಲ್ಲಿ ದಿನಗಟ್ಟಲೆ ದೂರದಲ್ಲಿದ್ದ. ಅಧಿಕಾರಿಗಳು ಬೆಲ್ಲದ ನೀರಿನ ಲೋಟ ಹಿಡಿದು ಬಹಳ ಯೋಚಿಸಿದರು. ಒಂದು ಹೆಸರಿಲ್ಲದ ಅರ್ಜಿಗಾಗಿ ದೇಶದ ಎರಡು ತುದಿಗಳಿಂದ ಸರ್ಕಾರಿ ನೌಕರರನ್ನು ಭತ್ಯೆ ಕೊಟ್ಟು ಕರೆಸಿ ಚಾಪೆಯ ಮೇಲೆ ಕೂರಿಸುವುದಕ್ಕೆ ಯಾವ ಕಲಮಿನಲ್ಲಿ ಮಂಜೂರಾತಿ ಕೇಳುವುದು? ಅವರು ಬರೆದದ್ದು ನನಗೆ ಆಮೇಲೆ ತಿಳಿಯಿತು: "ಸಂಸ್ಥೆಯವರು ಸಂಪೂರ್ಣ ಸಹಕಾರ ನೀಡಿದರು. ಮಾಹಿತಿ ದೊರೆಯಲಿಲ್ಲ. ಅರ್ಜಿ ಮುಕ್ತಾಯ."

ರುಕ್ಮಕ್ಕ ನನ್ನನ್ನು ಉಳಿಸಲೆಂದು ಹಾಗೆ ಹೇಳಿದರೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಅವ್ರೆಲ್ಲ ಬಂದಿದ್ರೆ ಎಲ್ಲಾ ಹೇಳ್ತಿದ್ದೆ. ನಿಮ್ಮ ಕೆಲ್ಸ ಹೋಗ್ತಿತ್ತು" ಎಂದರು, ಸ್ವಲ್ಪವೂ ನಗದೆ. "ಹೋದ್ರೆ ಇಲ್ಲಿ ಹಗ್ಗ ಹೊಸೀಬಹುದಿತ್ತು. ನಿಮ್ಗೆ ಕೈ ಚುರುಕದೆ."

ಈ ಬರಹ ಮುಗಿಸಿದ ಮೇಲೆ ನನಗೊಂದು ಪೇಚು ಬಂತು. ಇಲ್ಲಿ ಬಂದವರ ಮಾತನ್ನೆಲ್ಲ ನಾನು ಅವರ ಬೆನ್ನ ಹಿಂದೆ ಬರೆದಿದ್ದೇನೆ. ಮಾದೇವ ಈಗ ನಿವೃತ್ತನಾಗಿ ಬೆಳಕೆಯಲ್ಲೇ ಇದ್ದಾನೆ. ಹೋಗಿ ಅವನೆದುರು ಓದಿದೆ. ಕೇಳಿ, "ಅಂಗಿ ಗುಂಡಿ ಕುತ್ತಿಗೆವರೆಗೆ ಇರಲಿಲ್ಲ, ಮೇಲಿನದ್ದು ಬಿದ್ದೋಗಿತ್ತು" ಎಂದ. ಅದೊಂದನ್ನು ತಿದ್ದಲಿಲ್ಲ, ಅವನ ಆಕ್ಷೇಪವನ್ನೇ ಇಲ್ಲಿ ದಾಖಲಿಸಿದ್ದೇನೆ. ತಿಮ್ಮಪ್ಪನೂ ಸಾಹೇಬರೂ ಈಗಿಲ್ಲ. ರುಕ್ಮಕ್ಕನೂ ಇಲ್ಲ.

ಹಳದೀಪುರದ ಚಾವಡಿ ಇನ್ನೂ ಇದೆ, ಕೂರುವವರು ಕಡಿಮೆ. ಕಳೆದ ವಾರ ಹೋಗಿ, ಬೂಟು ಬಿಚ್ಚಿ, ರುಕ್ಮಕ್ಕ ಕೂರುತ್ತಿದ್ದ ಜಾಗದ ಎದುರು ಚಾಪೆ ಹಾಸಿ, ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಓದಿ, ಅವರ ಪದ್ಧತಿಯಂತೆ, ಯಾರಿಗಾದರೂ ಹೇಳುವುದಿದ್ದರೆ ಹೇಳಲಿ ಎಂದು ಕಾದೆ.

ಯಾರೂ ಏನೂ ಹೇಳಲಿಲ್ಲ. ಸುಮ್ಮನೆ ಕೂರುವವರ ಮಠದಲ್ಲಿ ಅದು ಒಪ್ಪಿಗೆಯೋ ಆಕ್ಷೇಪವೋ ಎಂದು ಮೂವತ್ತು ವರ್ಷ ಗುಪ್ತಚರನಾಗಿದ್ದವನಿಗೂ ತಿಳಿಯುವುದಿಲ್ಲ. ಬರುವಾಗ ಹಿತ್ತಲಿಗೆ ಹೋಗಲಿಲ್ಲ. ಬಟ್ಟೆಬಳ್ಳಿ ಅಲ್ಲೇ ಇತ್ತು, ಜಗಲಿಯಿಂದಲೇ ಕಾಣುತ್ತಿತ್ತು, ನಾನು ನೋಡಲಿಲ್ಲ.